ಶೋಕದ ಮೇಸ್ತ್ರಿ

ದೊಡ್ಡವರು ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಮನೆಯವರು ದೇವರಿಗೆ ಹರಕೆ ಹೊರುತ್ತಾರೆ. ಮೇಸ್ತ್ರಿ ಇಸ್ತ್ರಿಯವನಿಗೆ ಬಿಳಿ ಅಂಗಿ ಕೊಟ್ಟು ಬರುತ್ತಾನೆ. ಅವಸರವೇನಿಲ್ಲ, ನಾಳೆ ಸಂಜೆಗೆ ಸಿಕ್ಕರೆ ಸಾಕು ಅನ್ನುತ್ತಾನೆ. ಟಿವಿಯಲ್ಲಿ ಡಾಕ್ಟರು ಬಂದು 'ಸ್ಥಿತಿ ಗಂಭೀರ, ಆದರೆ ಸ್ಥಿರ' ಎಂದ ಕೂಡಲೇ ಫೋನ್ ಮಾಡಿ, 'ಇವತ್ತೇ ಬೇಕಾಗಬಹುದು' ಎಂದು ಎಚ್ಚರಿಸುತ್ತಾನೆ.

ಇವನು ಗಾರೆ ಕೆಲಸದ ಮೇಸ್ತ್ರಿಯಲ್ಲ, ಶೋಕದ ಮೇಸ್ತ್ರಿ. ಗೋಡೆ ಕಟ್ಟುವ ಮೇಸ್ತ್ರಿ ತಾನೇ ಕಲ್ಲು ಹೊರುವುದಿಲ್ಲವಲ್ಲ, ಇವನೂ ಹಾಗೆಯೇ, ತಾನು ಅಳುವುದಿಲ್ಲ. ಉಳಿದವರ ಅಳು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ಇವನಿಲ್ಲದ ಪೇಟೆ ಇಲ್ಲ. ನಾನು ಬಲ್ಲವನು ಮುಂಬಯಿಯವನು. ಮುಂಬಯಿಯವನು ಎಂದರೂ ಹುಟ್ಟಿದ್ದು ಕುಂದಾಪುರದ ಕಡೆ. ಹೋಟೆಲಿನಲ್ಲಿ ತಟ್ಟೆ ತೊಳೆಯಲು ಬಂದ ಹುಡುಗ, ಗಣೇಶೋತ್ಸವದ ಚಂದಾ ಪುಸ್ತಕ ಹಿಡಿದು ಗಲ್ಲಿಗೆ ಪರಿಚಯವಾದ. ಮುಂದೆ ಪಕ್ಷವೊಂದರ ಶಾಖೆಯಲ್ಲಿ ಬೆಂಚು ಹಿಡಿದ. ಪಕ್ಷ ಆಮೇಲೆ ಬದಲಾಗಿದೆ, ಬೆಂಚು ಅದೇ.

ಅವನ ಜೇಬಿನಲ್ಲಿ ಕಪ್ಪು ರಿಬ್ಬನ್ನಿನ ತುಂಡುಗಳೂ ಸೇಫ್ಟಿ ಪಿನ್ನುಗಳೂ ಸದಾ ಇರುತ್ತವೆ. ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಇವನ ಹೆಸರಿನದೇ ಒಂದು ಫೋಲ್ಡರ್ ಇದೆ. ಅದರಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಮೊದಲೇ ಅಚ್ಚುಕಟ್ಟಾಗಿ ಕೂತಿದೆ. ಮೇಲ್ಗಡೆ ಒಂದು ದುಂಡು ಜಾಗ ಖಾಲಿ. ಕೆಳಗೆ ಸಾಲಾಗಿ ಹದಿನಾಲ್ಕು ಮಂದಿ ಕಾರ್ಯಕರ್ತರು. ಅವರಲ್ಲಿ ಇಬ್ಬರು ಮೊಬೈಲಿನಲ್ಲಿ ಮಾತಾಡುತ್ತಿದ್ದಾರೆ, ಒಬ್ಬ ತಂಪು ಕನ್ನಡಕ ಹಾಕಿದ್ದಾನೆ, ಎಲ್ಲರೂ ನಗುತ್ತಿದ್ದಾರೆ. ಹುಟ್ಟುಹಬ್ಬದ ಫ್ಲೆಕ್ಸಿಗೂ ಅವೇ ಫೋಟೋಗಳು. ಸತ್ತವರ ಮುಖ ಅಂಗೈಯಷ್ಟು, ದುಃಖಿಸುವವನ ಮುಖ ಬಾಗಿಲಷ್ಟು.

2012ರ ನವೆಂಬರ್ 17, ಶನಿವಾರ. ದೀಪಾವಳಿ ಕಳೆದು ನಾಲ್ಕೇ ದಿನ, ಗಲ್ಲಿಯ ಆಕಾಶಕಂದೀಲುಗಳು ಇನ್ನೂ ಇಳಿದಿರಲಿಲ್ಲ. ಮಧ್ಯಾಹ್ನ ಬಾಂದ್ರಾದ ಮನೆ 'ಮಾತೋಶ್ರೀ'ಯಲ್ಲಿ ಶಿವಸೇನೆಯ ಸ್ಥಾಪಕ ಬಾಳಾ ಠಾಕ್ರೆ ತೀರಿಕೊಂಡ ಸುದ್ದಿ ಬಂತು. ಟಿವಿಯವರು ವಾಕ್ಯ ಮುಗಿಸುವ ಮೊದಲೇ ಮೇಸ್ತ್ರಿ ಬಿಳಿ ಅಂಗಿಯಲ್ಲಿ ರಸ್ತೆಗಿಳಿದಿದ್ದ. ಅವನ ಮೊದಲ ಆದೇಶ ಕಂದೀಲುಗಳಿಗೆ. ಎರಡನೆಯದು ಶೆಟ್ಟರ ಹೋಟೆಲಿಗೆ.

"ಎಂತ ಶೆಟ್ರೆ, ಇನ್ನೂ ಬಾಗಿಲು ಹಾಕ್ಲಿಲ್ವಾ?"

"ನಾಳೆಗೆ ಹಿಟ್ಟು ರುಬ್ಬಿ ಆಯ್ತು ಮಾರಾಯ."

"ಹಿಟ್ಟಿಗೆ ಎಂತ ಗೊತ್ತು ದೇಶದ ನಷ್ಟ?"

"ಅದನ್ನೇ ನಾನು ಹೇಳೋದು. ಯಾರು ಸತ್ತರೂ ಅದು ಬೆಳಿಗ್ಗೆ ಉಬ್ಬೇ ಉಬ್ಬುತ್ತದೆ."

"ಹಾಗೆಲ್ಲ ಗಟ್ಟಿಯಾಗಿ ಹೇಳಬೇಡಿ ಶೆಟ್ರೆ. ಇದು ಬಂದ್ ಅಲ್ಲ. ಯಾರೂ ಒತ್ತಾಯ ಮಾಡಲಿಕ್ಕಿಲ್ಲ. ನೀವಾಗಿಯೇ ಮುಚ್ಚೋದು. ಐದು ನಿಮಿಷದೊಳಗೆ."

ಶೆಟ್ಟರು ತಾವಾಗಿಯೇ ಮುಚ್ಚಿದರು. ಪೂರ್ತಿ ಅಲ್ಲ, ಅರ್ಧ ಶಟರ್. ಯಾಕೆಂದರೆ ಮೇಸ್ತ್ರಿಯ ಹುಡುಗರು ಆರು ಮಂದಿ ಇದ್ದರು. ಸಾಯಂಕಾಲದತನಕ ಅಂಗಡಿ ಮುಚ್ಚಿಸುತ್ತ ತಿರುಗಿದರೆ ಹಸಿವಾಗದೇ? ಬಗ್ಗಿ ಒಳಗೆ ಬಂದು, ಬಲ್ಬ್ ಒಂದನ್ನೇ ಉಳಿಸಿ, ಸೆಟ್ ದೋಸೆ ತಿಂದು, ಕಾಫಿ ಕುಡಿದು, 'ಬರೆದಿಟ್ಟುಕೊಳ್ಳಿ' ಎಂದು ಬಗ್ಗಿ ಹೊರಗೆ ಹೋದರು. ಎದ್ದು ನಿಂತ ಮೇಲೆ ಮೇಸ್ತ್ರಿ ತಾನೇ ಕೈ ಹಾಕಿ ಉಳಿದರ್ಧ ಶಟರ್ ಎಳೆದ.

ಶೆಟ್ಟರ ಶಟರಿಗೆ ಒಂದು ಹಳೆಯ ಕಥೆಯಿದೆ. ಠಾಕ್ರೆ ಮೂಲತಃ ವ್ಯಂಗ್ಯಚಿತ್ರಕಾರ. 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಸಹೋದ್ಯೋಗಿಯಾಗಿದ್ದವರು. 1960ರಲ್ಲಿ 'ಮಾರ್ಮಿಕ್' ವಾರಪತ್ರಿಕೆ ಶುರು ಮಾಡಿ, ಮುಂಬಯಿಯ ಕಚೇರಿಗಳಲ್ಲಿ ಕೆಲಸ ಹಿಡಿದಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿದರು. 1966ರಲ್ಲಿ ಶಿವಸೇನೆ ಹುಟ್ಟಿತು. 'ಬಜಾವೋ ಪುಂಗಿ, ಹಟಾವೋ ಲುಂಗಿ' ಎಂಬ ಕೂಗಿಗೆ ಉಡುಪಿ ಹೋಟೆಲುಗಳ ಗಾಜು ಪುಡಿಯಾಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿದಾಗ ಶೆಟ್ಟರ ತಂದೆ ಇದೇ ಶಟರನ್ನು ಒಳಗಿನಿಂದ ಹಿಡಿದು ಕೂತಿದ್ದರಂತೆ. ಮುಂದೆ ಕಾಲ ಬದಲಾಯಿತು. ಸೇನೆಗೆ ಬೇರೆ ಶತ್ರುಗಳು ಸಿಕ್ಕಿದರು, ಶೆಟ್ಟರ ಗಲ್ಲಾಪೆಟ್ಟಿಗೆಯ ಹಿಂದೆ ಶಿವಾಜಿ ಮಹಾರಾಜರ ಪಟ ಬಂತು, ಶಾಖೆಯವರೊಂದಿಗೆ ಹೋಗಿ ಬರುವಷ್ಟು ಬಳಕೆಯೂ ಆಯಿತು. ಆದರೂ ಶಟರಿನ ಮಟ್ಟಿಗೆ ಹೇಳುವುದಾದರೆ, ಆ ಮನುಷ್ಯ ಬದುಕಿದ್ದಾಗ ಹೆದರಿ ಇಳಿದದ್ದು, ಸತ್ತಾಗ ಗೌರವದಿಂದ ಇಳಿಯಿತು. ಶಬ್ದ ಎರಡಕ್ಕೂ ಒಂದೇ.

ಇಲ್ಲಿ ಸರ್ಕಾರದ ತಪ್ಪೇನೂ ಇಲ್ಲ. ಸರ್ಕಾರಿ ಶೋಕಾಚರಣೆ ಎಂದರೆ ಬಾವುಟ ಅರ್ಧಕ್ಕೆ ಇಳಿಯುತ್ತದೆ, ಸರ್ಕಾರಿ ಮನರಂಜನೆ ನಿಲ್ಲುತ್ತದೆ, ಅಷ್ಟೇ. ಉಡುಪಿ ಹೋಟೆಲಿನವನು ಉದ್ದಿನವಡೆ ಕರಿಯಬಾರದು ಎಂದು ಯಾವ ಸುತ್ತೋಲೆಯಲ್ಲೂ ಇಲ್ಲ. ಸುತ್ತೋಲೆ ನಿಂತಲ್ಲಿಂದ ಮೇಸ್ತ್ರಿಯ ಕೆಲಸ ಆರಂಭ.

ಮರುದಿನ ಶಿವಾಜಿ ಪಾರ್ಕಿನಲ್ಲಿ ಅಂತ್ಯಕ್ರಿಯೆ. ಒಂದು ದಿನವೂ ಅಧಿಕಾರದ ಕುರ್ಚಿಯಲ್ಲಿ ಕೂರದ ಮನುಷ್ಯನಿಗೆ ಸಕಲ ಸರ್ಕಾರಿ ಗೌರವ. ಅಲ್ಲಿ ಸೇರಿದ ಲಕ್ಷಾಂತರ ಜನರನ್ನು ಯಾವ ಮೇಸ್ತ್ರಿಯೂ ಎಬ್ಬಿಸಿಕೊಂಡು ಬಂದಿರಲಿಲ್ಲ. ಲಾಲ್‌ಬಾಗ್, ಪರೇಲಿನ ಚಾಳುಗಳಿಂದ ನಡೆದು ಬಂದವರಿದ್ದರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಜವಾಗಿ ಕಣ್ಣೀರು ಹಾಕಿದವರಿದ್ದರು. ಅವರ ದುಃಖವನ್ನು ನಾನು ಒಪ್ಪದಿರಬಹುದು, ಸುಳ್ಳು ಎನ್ನಲಾರೆ. ಅವರಿಗಾಗಿ ಗಲ್ಲಿಯ ಅರ್ಧ ಅಂಗಡಿಗಳಾದರೂ ತಾವಾಗಿ ಮುಚ್ಚುತ್ತಿದ್ದವೋ ಏನೋ. ಮೇಸ್ತ್ರಿ ಅದನ್ನು ತಿಳಿದುಕೊಳ್ಳಲು ಅವಕಾಶವನ್ನೇ ಕೊಡಲಿಲ್ಲ. ಅತ್ತವರ ಪಾಲಿನ ಮರ್ಯಾದೆಯನ್ನೂ ಅವನೇ ತಿಂದ, ದೋಸೆಯ ಜೊತೆ.

ಅದೇ ಭಾನುವಾರ ಪಾಲ್ಘರಿನಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು. ದಿನಾ ಜನ ಸಾಯುತ್ತಾರೆ, ಲೋಕ ನಡೆಯುತ್ತದೆ, ಮುಂಬಯಿ ಮುಚ್ಚಿರುವುದು ಗೌರವದಿಂದಲ್ಲ, ಭಯದಿಂದ ಎಂಬರ್ಥದ ಮಾತು. ಶೆಟ್ಟರು ಹಿಟ್ಟಿನ ಬಗ್ಗೆ ಹೇಳಿದ್ದನ್ನೇ ಇವಳು ಅಕ್ಷರದಲ್ಲಿ ಇಳಿಸಿದ್ದಳು. ಶೆಟ್ಟರ ಪುಣ್ಯ, ಹಿಟ್ಟಿಗೆ ಫೇಸ್‌ಬುಕ್ ಖಾತೆ ಇರಲಿಲ್ಲ. ಹುಡುಗಿಯ ಗೆಳತಿ ಅದಕ್ಕೊಂದು ಲೈಕ್ ಒತ್ತಿದಳು. ಬರೆದವಳು ಕ್ಷಮೆ ಕೇಳಿ ಅಳಿಸಿ ಹಾಕಿದರೂ ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅವಳ ಚಿಕ್ಕಪ್ಪನ ಆಸ್ಪತ್ರೆಗೆ ಗುಂಪೊಂದು ನುಗ್ಗಿ ಧ್ವಂಸ ಮಾಡಿತು. ಊರು ಭಯದಿಂದ ಮುಚ್ಚಿಲ್ಲ ಎಂದು ರುಜುವಾತು ಮಾಡಲು ಮೇಸ್ತ್ರಿಗಳು ಹಿಡಿದ ದಾರಿ ಅದು. ಬಳಸಿದ ಕಲಮುಗಳಲ್ಲಿ ಒಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. ಆ ಕಲಮನ್ನೇ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿತು.

ಮೇಸ್ತ್ರಿ ಆ ತೀರ್ಪು ಓದಿಲ್ಲ. ಆದರೆ ಲೈಕಿನ ಮಹತ್ವ ಅವನಿಗೆ ಅಂದೇ ಹೊಳೆಯಿತು. ಈಗ ಅವನ ಅರ್ಧ ಕೆಲಸ ವಾಟ್ಸಾಪಿನಲ್ಲಿ. ಗಲ್ಲಿಯ ಗುಂಪಿನಲ್ಲಿ ಸಾವಿನ ಸುದ್ದಿ ಹಾಕಿ, ಯಾರು ಕೈ ಮುಗಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂದು ಲೆಕ್ಕ ಇಡುತ್ತಾನೆ. ಒಮ್ಮೆ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಕನ್ನಡಕವಿಲ್ಲದೆ ಹೆಬ್ಬೆರಳಿನ ಚಿಹ್ನೆ ಒತ್ತಿಬಿಟ್ಟರು. ನಾಯಕ ಸತ್ತದ್ದಕ್ಕೆ ಶಹಬ್ಬಾಸ್ ಎಂದ ಹಾಗಾಯಿತು. ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ. ಮೇಷ್ಟ್ರು ಗಾಬರಿಯಿಂದ ಅದನ್ನು ತೆಗೆದು, ಅಳುವ ಮುಖ ಒತ್ತಲು ಹೋಗಿ, ನಕ್ಕು ನಕ್ಕು ಕಣ್ಣೀರು ಬಂದ ಮುಖ ಒತ್ತಿದರು. ಕೊನೆಗೆ ಮೇಸ್ತ್ರಿಯೇ ಮೊಬೈಲು ಕಸಿದುಕೊಂಡು ಅವರ ಪರವಾಗಿ ಐದು ಸಲ ಅತ್ತ.

ಒಂದು ನಿಮಿಷದ ಮೌನದಲ್ಲಿ ಅವನನ್ನು ನೋಡಬೇಕು. ಎಲ್ಲರೂ ಕಣ್ಣು ಮುಚ್ಚಿರುವಾಗ ತೆರೆದಿರುವ ಎರಡು ಕಣ್ಣು ಅವನವು. ಕೆಮ್ಮಿದವನು ಯಾರು, ತಲೆ ಕೆರೆದವನು ಯಾರು, ಮೂವತ್ತೈದನೇ ಸೆಕೆಂಡಿಗೆ ಕೂತವನು ಯಾರು, ಎಲ್ಲ ಗೊತ್ತು. ಮೌನವನ್ನು ಶುರು ಮಾಡಿಸುವುದೂ ಅವನೇ, 'ಸಾಕು' ಎನ್ನುವುದೂ ಅವನೇ. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಮುಖ್ಯ ಅತಿಥಿಯ ಕಾರು ಗಲ್ಲಿಗೆ ತಿರುಗಿದಾಗ ನಿಮಿಷ ಮುಗಿಯುತ್ತದೆ.

ಅವನನ್ನು ಒಂದೇ ಪಕ್ಷಕ್ಕೆ ಗಂಟು ಹಾಕಿದರೆ ಅನ್ಯಾಯವಾದೀತು. 2018ರ ಆಗಸ್ಟಿನಲ್ಲಿ ವಾಜಪೇಯಿ ತೀರಿಕೊಂಡ ಮರುದಿನ ಔರಂಗಾಬಾದ್ ಮಹಾನಗರ ಪಾಲಿಕೆಯಲ್ಲಿ ಸಂತಾಪ ನಿರ್ಣಯ ಬಂದಾಗ ಎಂಐಎಂ ಸದಸ್ಯರೊಬ್ಬರು ವಿರೋಧಿಸಿದರು. ಬಿಜೆಪಿ ಸದಸ್ಯರು ಸಭಾಂಗಣದಲ್ಲೇ ಅವರಿಗೆ ಹೊಡೆದರು. ಪೆಟ್ಟು ತಿಂದವರ ಮೇಲೂ ಕೇಸು ಬಿತ್ತು. ವಿರೋಧಿಸಿದವರ ಸೌಜನ್ಯ ಎಷ್ಟಿತ್ತು ಎಂಬುದು ಬೇರೆ ವಿಚಾರ. ಎದುರಾಳಿಗಳ ಬೆಂಚಿಗೂ ನಗು ಹಂಚುತ್ತಿದ್ದ ಒಬ್ಬ ಕವಿಯ ಹೆಸರಿನಲ್ಲಿ ಹಾಗೆ ಸಂತಾಪ ಸೂಚಿಸಲು ಮೇಸ್ತ್ರಿಗಳಿಗೆ ಮಾತ್ರ ಸಾಧ್ಯ.

ನಮ್ಮಲ್ಲಿ ಇವನಿಗೊಬ್ಬ ದಾಯಾದಿ ಇದ್ದಾನೆ. 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಕರ್ನಾಟಕದ ಕೆಲವು ಕಡೆ ಪಟಾಕಿ ಹೊಡೆದವನು ಅವನೇ. ಇವನು ಯಾರೂ ಅಳದೇ ಇರಬಾರದು ಎನ್ನುತ್ತಾನೆ, ಅವನು ಯಾರೂ ಅಳಬಾರದು ಎನ್ನುತ್ತಾನೆ. ಕಾಲಕ್ಕೆ ತಕ್ಕಂತೆ ಒಬ್ಬನೇ ಎರಡೂ ಪಾಳಿ ಮಾಡುವುದುಂಟು.

ಮುಂಬಯಿಯ ಮೇಸ್ತ್ರಿಗೆ ಈಚೆಗೆ ಕಷ್ಟಕಾಲ. 2022ರಲ್ಲಿ ಶಿವಸೇನೆ ಒಡೆದು ಎರಡಾಯಿತು. ಸತ್ತವರು ಒಬ್ಬರೇ, ವಾರಸುದಾರರು ಎರಡು ಕಡೆ. 2023ರಲ್ಲಿ ಪುಣ್ಯತಿಥಿಯ ಹಿಂದಿನ ದಿನ ಶಿವಾಜಿ ಪಾರ್ಕಿನ ಸ್ಮಾರಕದ ಎದುರೇ ಎರಡೂ ಬಣದವರು ಕೈ ಕೈ ಮಿಲಾಯಿಸಿದರು. ಯಾರ ದುಃಖ ಅಸಲಿ ಎಂಬ ಪ್ರಶ್ನೆ ಕೊನೆಗೂ ಎದ್ದಿತು, ಅದೂ ಮೇಸ್ತ್ರಿಗಳ ನಡುವೆಯೇ.

ಗಲ್ಲಿಯಲ್ಲೂ ಈಗ ಇಬ್ಬರು ಮೇಸ್ತ್ರಿಗಳು. ಹೊಸಬ ಹಳೆಯವನ ಕೈಕೆಳಗೆ ಪಿನ್ನು ಚುಚ್ಚಲು ಕಲಿತವನೇ. ನವೆಂಬರ್ ಬಂತೆಂದರೆ ಇಬ್ಬರೂ ಶೆಟ್ಟರ ಹತ್ತಿರ ಫ್ಲೆಕ್ಸ್ ತರುತ್ತಾರೆ. ಎರಡರಲ್ಲೂ ಅದೇ ಠಾಕ್ರೆ, ಅದೇ ರುದ್ರಾಕ್ಷಿ; ಕೆಳಗಿನ ಹದಿನಾಲ್ಕು ಮುಖಗಳು ಮಾತ್ರ ಬೇರೆ. ಹೋದ ಸಲ ಇಬ್ಬರೂ ಒಂದೇ ಹೊತ್ತಿಗೆ ಬಂದರು. ಶೆಟ್ಟರು ಗಲ್ಲಾಪೆಟ್ಟಿಗೆಯಿಂದ ಏಳದೆ ಹೇಳಿದರು:

"ಒಂದು ಎಡಕ್ಕೆ, ಒಂದು ಬಲಕ್ಕೆ ಕಟ್ಟಿ. ಏಣಿ ಇರೋದು ಒಂದೇ. ಒಬ್ಬ ಹತ್ತುವಾಗ ಇನ್ನೊಬ್ಬ ಹಿಡ್ಕೊಳ್ಳಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹತ್ತಲು ಯಾರಿಗೂ ಧೈರ್ಯ ಬರಲಿಲ್ಲ.