ಗಂಗೆಯ ಮೇಲಿನ ಹಟ್ಟಿ, ಪಿಟನ್‌ವೀಮ್‌ನ ಫ್ಲ್ಯಾಟು: ಒಂದು ಮಾರಾಟದ ಜಾಹೀರಾತಿನ ಧ್ವನಿವಿಚಾರ

ಅಲಂಕಾರಶಾಸ್ತ್ರದ ಬಾಗಿಲಲ್ಲೇ ಸಿಗುವ ಹಳೆಯ ಉದಾಹರಣೆಯೊಂದಿದೆ: ಗಂಗೆಯ ಮೇಲೆ ಗೊಲ್ಲರ ಹಟ್ಟಿ. ಹರಿಯುವ ಹೊಳೆಯ ಮೇಲೆ ಹಟ್ಟಿ ನಿಲ್ಲದು. ಆದ್ದರಿಂದ ಗಂಗೆ ಎಂದರೆ ಗಂಗೆಯ ದಡ ಎಂದು ಲಕ್ಷಣೆಯಿಂದ ತಿಳಿಯಬೇಕು. ಹಾಗಾದರೆ ದಡವೆಂದೇ ಹೇಳಬಹುದಿತ್ತಲ್ಲ? ದಡವೆಂದರೆ ಬರೀ ಕೆಸರು. ಗಂಗೆ ಎಂದರೆ ತಂಪು, ಪಾವಿತ್ರ್ಯ. ಅದೇ ವ್ಯಂಗ್ಯಾರ್ಥ. ಸಾವಿರ ವರ್ಷಗಳಿಂದ ಪಂಡಿತರು ಇದನ್ನು ಶಿಷ್ಯರಿಗೆ ಉರು ಹೊಡೆಸುತ್ತಲೇ ಇದ್ದಾರೆ. ಆದರೆ ಈ ಮಾತನ್ನು ಮೊದಲು ಆಡಿದವನು ಯಾವ ಉದ್ದೇಶದಿಂದ ಆಡಿದ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನನ್ನ ಸಿದ್ಧಾಂತ ಸರಳ: ಅವನು ಹಟ್ಟಿಯನ್ನು ಮಾರಲು ಹೊರಟಿದ್ದ.

ಈ ಸಿದ್ಧಾಂತಕ್ಕೆ ಆಧಾರ ಎಡಿನ್‌ಬರೋದಿಂದ ವಾಟ್ಸಾಪ್ ಮೂಲಕ ಬಂತು. ಅಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಅಳಿಯ, "ಮಾವ, ಸಮುದ್ರದ ಹತ್ತಿರ ಒಂದು ಫ್ಲ್ಯಾಟ್ ನೋಡಿದೀನಿ. ನೀವೂ ಒಂದ್ಸಲ ಓದಿ ನೋಡಿ" ಎಂದು ಜಾಹೀರಾತು ಕಳಿಸಿದರು. ಓಲೆಗರಿಗಳ ಪಾಠಸಂಪಾದನೆಯಲ್ಲಿ ಕಣ್ಣು ಕಳೆದುಕೊಂಡ ನನ್ನಂಥವನಿಗೆ 'ಒಂದ್ಸಲ ಓದುವುದು' ಎಂಬುದು ಗೊತ್ತಿಲ್ಲ. ಒಂಬತ್ತು ರಾತ್ರಿ ಓದಿದೆ. ಮೂಲಪಾಠವನ್ನು ಕನ್ನಡಿಸಿ ಕೆಳಗೆ ಕೊಟ್ಟಿದ್ದೇನೆ. ಮೂಲದ ಓಜಸ್ಸು ನನ್ನ ಕೈಗೆ ಬಂದಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

'ಸುಂದರ ಕರಾವಳಿ ಗ್ರಾಮದ ನಡುವೆ, ಅಭಿರುಚಿಯಿಂದ ನವೀಕರಿಸಿದ, ಮೋಸಗೊಳಿಸುವಷ್ಟು ವಿಶಾಲವಾದ, ಎರಡು ಮಲಗುವ ಕೋಣೆಗಳ ಮೇಲ್ಮಹಡಿ ಫ್ಲ್ಯಾಟು. ಸ್ವಂತ ಹೊರಮೆಟ್ಟಿಲು. ಬಾಕ್ಸ್ ರೂಮ್. ಭಾಗಶಃ ಸಮುದ್ರದರ್ಶನ. ಜೀವಂತ ಬಂದರಿಗೆ ನಾಲ್ಕು ಹೆಜ್ಜೆ. ಬಟ್ಟೆ ಒಣಹಾಕಲು ಎಲ್ಲರಿಗೂ ಸೇರಿದ ಹುಲ್ಲುಹಾಸು. ಹೊಕ್ಕು ಕೂರುವ ಸ್ಥಿತಿ. 2,25,000 ಪೌಂಡಿಗೆ ಮೇಲ್ಪಟ್ಟ ಆಫರುಗಳಿಗೆ.'

ಗ್ರಾಮದಿಂದ ಆರಂಭಿಸೋಣ. ಪಿಟನ್‌ವೀಮ್ ಇರುವುದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಫೈಫ್ ಪ್ರಾಂತ್ಯದ ಈಸ್ಟ್ ನ್ಯೂಕ್ ಎಂಬ ಮೂಲೆಯಲ್ಲಿ. ಹೆಸರಿನ ವ್ಯುತ್ಪತ್ತಿಯೇ ನಮ್ಮ ಪಕ್ಷದಲ್ಲಿದೆ. 'ಪಿಟ್' ಎಂಬುದು ಪಿಕ್ಟ್ ಜನರ ಮಾತು, ಭೂಮಿಯ ಒಂದು ಪಾಲು ಎಂದರ್ಥ. 'ವೀಮ್' ಗೇಲಿಕ್ ಭಾಷೆಯ ಗುಹೆ. ಅಂದರೆ ಗುಹೆಯಿರುವ ಪಾಲು. ಊರಿಗೆ ಹೆಸರಿಟ್ಟವನು ಕವಿಯಲ್ಲ, ಶಾನುಭೋಗ. ಆ ಗುಹೆ ಇಂದಿಗೂ ಕೋವ್ ವಿಂಡ್ ಎಂಬ ಓಣಿಯಲ್ಲಿದೆ. ಅದರ ಹಳೆಯ ನಿವಾಸಿ ಸಂತ ಫಿಲನ್. ಅವರ ಎಡಗೈ ಕತ್ತಲಲ್ಲಿ ಬೆಳಗುತ್ತಿತ್ತಂತೆ, ಆ ಬೆಳಕಿನಲ್ಲೇ ಬಲಗೈಯಿಂದ ಬರೆಯುತ್ತಿದ್ದರಂತೆ. ಇಂದು ಸ್ಕಾಟ್ಲೆಂಡಿನಲ್ಲಿ ಮಾರಾಟಕ್ಕಿಟ್ಟ ಮನೆಗೆ ಎ ಇಂದ ಜಿ ವರೆಗೆ ಇಂಧನದ ದರ್ಜೆ ಕೊಡಿಸಬೇಕು. ನಮ್ಮ ಫ್ಲ್ಯಾಟಿಗೆ ಬಂದಿರುವುದು ಡಿ. ಸಂತರ ಗುಹೆಗೆ ದೀಪದ ಲೆಕ್ಕದಲ್ಲಿ ಎ ಸಿಗದೆ ಇರುತ್ತಿರಲಿಲ್ಲ. ಬಿಸಿನೀರಿನ ವಿಷಯ ಮಾತ್ರ ಹೇಳಲಾರೆ. ಮುಂದೆ ಬೆಸ್ತರು ಅದೇ ಗುಹೆಯಲ್ಲಿ ಬಲೆ ಸಾಮಾನು ತುಂಬಿದರು. 1935ರಲ್ಲಿ ಅದನ್ನು ಶುಚಿ ಮಾಡಿ ಮತ್ತೆ ಪ್ರಾರ್ಥನೆಗೆ ಒಪ್ಪಿಸಿದರು. 'ಅಭಿರುಚಿಯಿಂದ ನವೀಕರಿಸಿದ' ಎಂಬ ವಿಶೇಷಣಕ್ಕೆ ಆ ಊರಿನಲ್ಲಿ ಮೊದಲ ಹಕ್ಕು ಹಾಗಾಗಿ ಗುಹೆಯದು.

'ಸುಂದರ' ಎಂಬಲ್ಲಿ ವಿವಾದವಿಲ್ಲ. ಕೆಂಪು ಹೆಂಚು, ಕಾಗೆ ಹತ್ತಿಹೋಗಲೆಂದೇ ಕಟ್ಟಿದಂತೆ ಮೆಟ್ಟಿಲುಮೆಟ್ಟಿಲಾದ ಗೋಪುರಗೋಡೆಗಳು, ಬಂದರಿಗೆ ಇಳಿಯುವ ಇಕ್ಕಟ್ಟಿನ ಓಣಿಗಳು. ಡಚ್ಚರ ಕಡೆಗೆ ಸರಕು ಕೊಂಡೊಯ್ದ ಹಡಗುಗಳು ವಾಪಸಾಗುವಾಗ ಹೊಟ್ಟೆಯ ಭಾರಕ್ಕೆಂದು ಈ ಹೆಂಚು ತುಂಬಿಕೊಂಡು ಬರುತ್ತಿದ್ದವೆಂದು ಹೇಳುವುದುಂಟು. ಆದರೆ ಸೌಂದರ್ಯಕ್ಕೆ ಕಾಲನಿಯಮವುಂಟೇ ಎಂಬುದು ಪೂರ್ವಪಕ್ಷದ ಪ್ರಶ್ನೆ. ಉಂಟು. ವಸಂತದಿಂದ ಬೇಸಿಗೆಯವರೆಗೆ ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಬಂದಾಗ ಮಂಜು ಕಟ್ಟಿ ದಡಕ್ಕೆ ನುಗ್ಗುತ್ತದೆ. ಅದಕ್ಕೆ ಅಲ್ಲಿಯವರು 'ಹಾರ್' ಎನ್ನುತ್ತಾರೆ. ಒಳನಾಡಿನಲ್ಲಿ ಬಿಸಿಲು ಕಾಯುತ್ತಿರುವಾಗ ಕರಾವಳಿಯವರಿಗೆ ಎದುರುಮನೆ ಕಾಣುವುದಿಲ್ಲ. ಜಾಹೀರಾತಿನ ಹದಿನೆಂಟು ಚಿತ್ರಗಳಲ್ಲಿ ಹಾರ್ ಒಂದರಲ್ಲೂ ಇಲ್ಲ. ಛಾಯಾಗ್ರಾಹಕ ಅದನ್ನು ಬಿಟ್ಟನೋ, ಅಥವಾ ಒಂದು ಚಿತ್ರ ಪೂರ್ತಿ ಬೂದಾಗಿ ಬಂದದ್ದಕ್ಕೆ ಅದನ್ನು ಹಜಾರದ ಗೋಡೆಯೆಂದು ಸೇರಿಸಿದನೋ ಹೇಳುವುದು ಕಷ್ಟ.

ಈ ಬಗೆಯ ಜಾಹೀರಾತುಗಳಲ್ಲಿ 'ಇತಿಹಾಸಸಮೃದ್ಧ' ಎಂಬ ಪಾಠಾಂತರವೂ ಸಿಗುತ್ತದೆ. 1705ರ ಜನವರಿಯಲ್ಲಿ ಇದೇ ಊರಿನಲ್ಲಿ ಜಾನೆಟ್ ಕಾರ್ನ್‌ಫುಟ್ ಎಂಬ ಹೆಂಗಸನ್ನು ಮಾಟಗಾತಿಯೆಂದು ಗುಂಪು ಹಿಡಿದು ಬಡಿಯಿತು. ಕೊನೆಗೆ ಮೈಮೇಲೆ ಒಂದು ಬಾಗಿಲು ಹೇರಿ, ಅದರ ಮೇಲೆ ಕಲ್ಲು ಪೇರಿಸಿ ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. 'ಹಳೆಯ ಕಾಲದ ಮೂಲ ಬಾಗಿಲುಗಳು' ಎಂದು ಹೆಮ್ಮೆಯಿಂದ ಹೇಳುವ ಜಾಹೀರಾತುಗಳನ್ನು ಈ ಊರಿನ ಮಟ್ಟಿಗೆ ನಾನು ನಿಂತು ಓದುತ್ತೇನೆ.

ಈಗ 'ನವೀಕರಿಸಿದ'. ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಗರ್ಭಗುಡಿಯನ್ನು ಉಳಿಸಿ ಉಳಿದದ್ದಕ್ಕೆ ಗ್ರಾನೈಟ್ ಹಾಸುವುದು. ಅಲ್ಲಿಯೂ ಎರಡು ಸಂಪ್ರದಾಯಗಳಿವೆ. ಹಳೆಯ ಸಂಪ್ರದಾಯಕ್ಕೆ ಮಾದರಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ 1960ರಲ್ಲಿ ಆರಂಭಿಸಿದ 'ಲಿಟ್ಲ್ ಹೌಸಸ್' ಯೋಜನೆ. ಪಾಳುಬಿದ್ದ ಬಡ ಮನೆಗಳನ್ನು ಕೊಳ್ಳುವುದು, ಕ್ರಮವಾಗಿ ದುರಸ್ತಿ ಮಾಡುವುದು, ರೂಪ ಕೆಡಿಸಕೂಡದೆಂಬ ಕರಾರಿನ ಮೇಲೆ ಮಾರುವುದು, ಬಂದ ಹಣದಲ್ಲಿ ಮುಂದಿನ ಪಾಳುಮನೆ ಕೊಳ್ಳುವುದು. ಕ್ರೇಲ್, ಕುರೊಸ್, ಪಿಟನ್‌ವೀಮ್‌ಗಳ ಬೀದಿಗಳು ಇಂದು ಕ್ಯಾಲೆಂಡರಿಗೆ ಒದಗುವಂತಿರುವುದು ಬಹುಪಾಲು ಇದರ ಪುಣ್ಯ. ಹೊಸ ಸಂಪ್ರದಾಯಕ್ಕೆ ಸಂಸ್ಥಾಪಕರಿಲ್ಲ. ಬೂದು ಬಣ್ಣವೇ ಅದರ ಗುರು. ಬೂದು ಗೋಡೆ, ಬೂದು ಸೋಫಾ, ಬೂದು ಅಡುಗೆಮನೆ. ಹೊರಗೆ ಬೂದು ಆಕಾಶ, ಬೂದು ನೀರು. ಇಷ್ಟು ಶುದ್ಧವಾದ ಅದ್ವೈತ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಗೋಡೆಯ ಹೊರಮೈಯನ್ನೂ ಓದಬೇಕು. ಆ ಕಡೆಯ ಮನೆಗಳು ಮೆತ್ತನೆಯ ಮರಳುಗಲ್ಲಿನವು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಮಳೆ ಬಂದಾಗ ಗೋಡೆ ನೀರು ಕುಡಿಯುತ್ತದೆ, ಒಣಹವೆಯಲ್ಲಿ ಸುಣ್ಣದ ಸಂದಿನಿಂದ ಬಿಡುತ್ತದೆ. ಗೋಡೆಗೂ ಉಸಿರಾಟವುಂಟು. ಅವಸರದ ನವೀಕರಣದವರು ಸಂದಿಗೆ ಸಿಮೆಂಟು ತುಂಬುತ್ತಾರೆ. ಹೊಕ್ಕ ನೀರಿಗೆ ಹೊರದಾರಿ ಇರುವುದಿಲ್ಲ. ಅದು ಕಲ್ಲನ್ನೇ ಪುಡಿಗಟ್ಟಿಸಿ ಹೊರಬರುತ್ತದೆ, ಇಲ್ಲವೇ ಒಳಗಿನ ಬೂದು ಬಣ್ಣದ ಮೇಲೆ ನಕಾಶೆ ಬರೆಯುತ್ತದೆ. ಊಟದ ಮೇಜಿನ ನಡುವೆ, ಗಾಜಿನ ಬೋಗುಣಿಯಲ್ಲಿ, ಒಂಬತ್ತು ನಿಂಬೆಹಣ್ಣು ಇಟ್ಟಿರುವುದನ್ನು ನಾನು ಎಣಿಸಿದ್ದೇನೆ. ದೃಷ್ಟಿ ತೆಗೆಯುವ ಪದ್ಧತಿ ಉತ್ತರ ಸಮುದ್ರದವರೆಗೂ ಹರಡಿತ್ತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

'ಮೋಸಗೊಳಿಸುವಷ್ಟು ವಿಶಾಲ' ಎಂಬಲ್ಲಿ ಪಂಥಭೇದವಿದೆ. ನೋಡಲು ಚಿಕ್ಕದು, ಒಳಹೊಕ್ಕರೆ ದೊಡ್ಡದು ಎಂಬುದು ಅಳಿಯನ ಪಂಥ. ಚಿತ್ರದಲ್ಲಿ ದೊಡ್ಡದು, ಒಳಹೊಕ್ಕರೆ ಚಿಕ್ಕದು ಎಂಬ ಅರ್ಥವನ್ನೂ ವ್ಯಾಕರಣ ತಡೆಯುವುದಿಲ್ಲ. ಈ ವಿರೋಧಾಭಾಸವನ್ನು ನಾನು ಎರಡು ರಾತ್ರಿ ವಿಚಾರ ಮಾಡುತ್ತಿದ್ದಾಗ ನನ್ನ ಹೆಂಡತಿ ಕಾಫಿ ಲೋಟ ಇಟ್ಟು, "ಮೋಸ ಅಂತ ಅವರೇ ಬರ್ಕೊಂಡಿದ್ದಾರಲ್ಲ ರೀ, ಇನ್ನೇನು ಬೇಕಂತೆ ನಿಮಗೆ?" ಎಂದು ಮೂರನೆಯ ಪಂಥ ಸ್ಥಾಪಿಸಿದಳು. ಬಾಕ್ಸ್ ರೂಮ್ ಎಂದರೆ ಕಿಟಕಿಯಿಲ್ಲದ ಕೋಣೆ. ಅದರ ಬಗ್ಗೆ ಯಾವ ಪಂಥದಲ್ಲೂ ಚರ್ಚೆಯಿಲ್ಲ.

ಗ್ರಂಥದ ತಿರುಳು 'ಭಾಗಶಃ ಸಮುದ್ರದರ್ಶನ'. ಕಾಣುವುದು ಸಮುದ್ರವಲ್ಲ, ಫೋರ್ತ್ ನದಿಯ ಅಳಿವೆ. ಗಂಗೆಯ ಉದಾಹರಣೆಯಲ್ಲಿ ದಡಕ್ಕೆ ನದಿಯೆಂದರು. ಇಲ್ಲಿ ನದಿಯ ಬಾಯಿಗೆ ಸಮುದ್ರವೆಂದಿದ್ದಾರೆ. ಲಕ್ಷಣೆ ಒಂದು ಮೆಟ್ಟಿಲು ಮೇಲೇರಿದೆ. ಹದಿನಾಲ್ಕನೆಯ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಬಚ್ಚಲುಮನೆಯ ಚಾವಣಿಯ ಕಿಂಡಿಯಿಂದ, ಎದುರಿನ ಚಿಮಣಿ ಮತ್ತು ಟಿವಿ ಆಂಟೆನಾದ ನಡುವೆ, ಬೆರಳಗಲದ ನೀಲಿ. ಕನಕನಿಗೆ ಉಡುಪಿಯಲ್ಲಿ ಇಷ್ಟೇ ಸಂದಿ ಸಾಕಾಗಿತ್ತು. ಆದರೆ ಅವನು ಬಚ್ಚಲಿನ ಅಂಚಿನ ಮೇಲೆ ಹತ್ತಿ ನಿಲ್ಲಬೇಕಾಗಿರಲಿಲ್ಲ. 'ಜೀವಂತ ಬಂದರು' ಎಂಬುದು ಮಾತ್ರ ಅಕ್ಷರಶಃ ನಿಜ. ಈಸ್ಟ್ ನ್ಯೂಕ್‌ನ ಉಳಿದ ಬಂದರುಗಳು ಬಹುಪಾಲು ಚಿತ್ರಕ್ಕೆ ಮೈಯೊಡ್ಡಿ ನಿಂತಿದ್ದರೂ ಪಿಟನ್‌ವೀಮ್‌ನಲ್ಲಿ ಏಡಿ, ಸಿಗಡಿ ಇಂದಿಗೂ ಇಳಿಯುತ್ತವೆ. ಜೂನ್ ತಿಂಗಳಲ್ಲಿ ಸೂರ್ಯ ನಾಲ್ಕೂವರೆಯ ಹೊತ್ತಿಗೆ ಹುಟ್ಟುತ್ತಾನೆ, ಕಡಲಹಕ್ಕಿಗಳು ಅವನಿಗಿಂತ ಮುಂಚೆ. ಅವು ನಿಮ್ಮ ಚಿಮಣಿಯಲ್ಲಿ ಗೂಡು ಕಟ್ಟಿ ಮೊಟ್ಟೆಯಿಟ್ಟರೆ ಮನಸ್ಸು ಬಂದಂತೆ ಕಿತ್ತೆಸೆಯುವಂತಿಲ್ಲ. 1981ರ ಕಾಯ್ದೆ ಹಕ್ಕಿಯ ಪರ. 'ಸಂಚಾರ ಸೌಕರ್ಯ' ಎಂಬ ಶಬ್ದ ಮೂಲಪಾಠದಲ್ಲಿ ಇಲ್ಲದಿರುವುದು ಕವಿಯ ಪ್ರಾಮಾಣಿಕತೆ. ಈ ದಡದ ರೈಲು 1965ರಲ್ಲೇ ನಿಂತಿತು. 2024ರಲ್ಲಿ ಮರಳಿ ಬಂದ ರೈಲು ಸುಮಾರು ಹತ್ತು ಮೈಲಿ ದೂರದ ಲೀವನ್‌ವರೆಗೆ ಬಂದು ನಿಂತಿದೆ.

'ಮೇಲ್ಮಹಡಿ' ಎಂಬುದನ್ನು ಮೀಮಾಂಸಕರಷ್ಟೇ ಬಿಡಿಸಬಲ್ಲರು. 2004ರ ಟೆನಮೆಂಟ್ಸ್ ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಚಾವಣಿ ಮೇಲ್ಮಹಡಿಯವನ ಸ್ವತ್ತು, ಅದರ ದುರಸ್ತಿ ಮಾತ್ರ ಕಟ್ಟಡದವರೆಲ್ಲರ ಪಾಲು. ಸೂರು ಒಬ್ಬನದು, ಸೋರಿದ್ದು ಎಲ್ಲರದು. ಕೆಳಗಿನ ಮನೆಯವನಿಗೆ ಸಿಗುವ ಏಕೈಕ ಸಮಾಧಾನ ನೀರು ಮೊದಲು ಮೇಲಿನವನ ತಲೆಯ ಮೇಲೆ ಬೀಳುತ್ತದೆಂಬುದು.

ಕಾವ್ಯವನ್ನು ನಂಬಿ ಕೆಟ್ಟ ಕೊಳ್ಳುಗರು ಹೆಚ್ಚಿದ್ದರಿಂದಲೋ ಏನೋ, ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಭಾಷ್ಯ ಕಡ್ಡಾಯವಾಗಿದೆ. ಅದರ ಹೆಸರು ಹೋಮ್ ರಿಪೋರ್ಟ್. ಮಾರುವವನೇ ಅದನ್ನು ಬರೆಸಿ ಕೊಳ್ಳುವವನಿಗೆ ಕೊಡಬೇಕು. ಮನೆಯ ಒಂದೊಂದು ಅಂಗಕ್ಕೂ ಒಂದು, ಎರಡು, ಮೂರು ಎಂದು ಅಂಕ. ಒಂದಾದರೆ ನೆಮ್ಮದಿ, ಎರಡಾದರೆ ಇವತ್ತಲ್ಲ ನಾಳೆ, ಮೂರಾದರೆ ಇವತ್ತೇ. ಭಾಷ್ಯಕಾರನ ಶೈಲಿ ವೈರಾಗ್ಯದ್ದು. ಚಾವಣಿಯನ್ನು ಅವನು ಹತ್ತಿ ನೋಡುವುದಿಲ್ಲ. ನೆಲದ ಮೇಲೆ ನಿಂತು, ಬೇಕಾದರೆ ದುರ್ಬೀನು ಹಿಡಿದು ನೋಡುತ್ತಾನೆ, ಹಾಗೆಂದು ಬರೆದೂ ಇಡುತ್ತಾನೆ. ನೆಲಹಾಸು ಇದ್ದದ್ದರಿಂದ ನೆಲ ಕಾಣಲಿಲ್ಲ, ಪೆಟ್ಟಿಗೆಗಳಿದ್ದದ್ದರಿಂದ ಅಟ್ಟ ಕಾಣಲಿಲ್ಲ. ನಮ್ಮ ಫ್ಲ್ಯಾಟಿಗೆ ತೇವದ ವಿಭಾಗದಲ್ಲಿ ಎರಡು ಬಂದಿತ್ತು. ಅಳಿಯನಿಗೆ ತೋರಿಸಿದೆ. "ಎರಡೇ ಅಲ್ವಾ ಮಾವ, ಮೂರಲ್ಲವಲ್ಲ" ಎಂದರು. ಆಗ ನನಗೆ ಖಾತ್ರಿಯಾಯಿತು: ಸಹೃದಯನಾದವನು ಭಾಷ್ಯದಿಂದ ಕದಲುವುದಿಲ್ಲ.

ಇನ್ನು ಬೆಲೆ. 'ಮೇಲ್ಪಟ್ಟ' ಎಂಬಲ್ಲಿ ಎಷ್ಟು ಮೇಲೆಂಬುದು ಅಧ್ಯಾಹಾರ. ಆಸಕ್ತರು ಹೆಚ್ಚಾದರೆ ಒಂದು ಗಡುವು ಗೊತ್ತುಮಾಡುತ್ತಾರೆ. ಅಷ್ಟರೊಳಗೆ ಎಲ್ಲರೂ ತಮ್ಮ ತಮ್ಮ ವಕೀಲರ ಮೂಲಕ ಒಂದೇ ಸಲ ಮೊತ್ತ ಬರೆದು ಕೊಡಬೇಕು. ಪಕ್ಕದವನು ಎಷ್ಟು ಬರೆದನೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೂಗದ ಹರಾಜು. ಒಪ್ಪಿಗೆಯಾದರೆ ವಕೀಲರು ಪರಸ್ಪರ 'ಮಿಸ್ಸಿವ್' ಎಂಬ ಪತ್ರ ಬರೆದುಕೊಳ್ಳುತ್ತಾರೆ; ಕೊನೆಯ ಪತ್ರ ಮುಟ್ಟಿತೆಂದರೆ ತಾಳಿ ಕಟ್ಟಿದಂತೆ. ಸರಕಾರದ ದಕ್ಷಿಣೆ ಬೇರೆ. 2015ರಿಂದ ನಡೆದುಬಂದಿರುವ ಕ್ರಯದ ತೆರಿಗೆಯಲ್ಲಿ 1,45,000 ಪೌಂಡಿನವರೆಗೆ ಸೊನ್ನೆ, ಅಲ್ಲಿಂದ 2,50,000ದವರೆಗೆ ಶೇಕಡಾ ಎರಡು. ಕೇಳಿದ ಬೆಲೆಯನ್ನೇ ಹಿಡಿದರೆ 1,600. ಇಷ್ಟೇ ತಾನೇ ಎಂದು ನಾನು ಹೇಳುವಷ್ಟರಲ್ಲಿ ಅಳಿಯ ಸಪ್ಪಗಾದರು. ಎರಡನೆಯ ಮನೆಯಾದರೆ ಪೂರ್ತಿ ಮೊತ್ತದ ಮೇಲೆ ಇನ್ನೂ ಶೇಕಡಾ ಎಂಟು, 2024ರ ಡಿಸೆಂಬರ್‌ನಿಂದ. ಮೊದಲ ಮನೆ ಸ್ಕಾಟ್ಲೆಂಡಿನಲ್ಲೇ ಇರಬೇಕೆಂದಿಲ್ಲ, ಭೂಮಂಡಲದಲ್ಲಿ ಎಲ್ಲಿದ್ದರೂ ಲೆಕ್ಕ. ಬೆಂಗಳೂರಿನ ಹೊರವಲಯದಲ್ಲಿ ಅವರು ಬಾಡಿಗೆಗೆ ಕೊಟ್ಟಿರುವ, ಟ್ಯಾಂಕರ್ ನೀರಿನ ಮೂರನೆಯ ಮಹಡಿಯ ಫ್ಲ್ಯಾಟು ಹೀಗೆ ಏಕಾಏಕಿ 18,000 ಪೌಂಡು ಬೇಡಿತು. ಆ ಫ್ಲ್ಯಾಟಿನ ಜಾಹೀರಾತಿನಲ್ಲಿ 'ಕೆರೆಯ ನೋಟ' ಎಂದಿತ್ತು. ಗಂಗೆಯ ಹಟ್ಟಿಯ ವಂಶ ದೊಡ್ಡದು.

ಆದರೂ ಆಫರು ಕೊಡುವುದೆಂದಾಯಿತು. ಎಷ್ಟು ಬರೆಯಲಿ ಎಂದು ನನ್ನನ್ನು ಕೇಳಿದರು. ಒಂಬತ್ತು ರಾತ್ರಿಯ ಪಾಂಡಿತ್ಯದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ಹೆಂಡತಿ ಕೇಳಿದ್ದು ಒಂದೇ: "ಬಟ್ಟೆ ಎಲ್ಲಿ ಒಣಗಿಸೋದು?" ಮೂಲಪಾಠವನ್ನು ತೋರಿಸಿದೆ. ಹುಲ್ಲುಹಾಸು, ಕಬ್ಬಿಣದ ಕಂಬ, ಹಗ್ಗ; ಸ್ಕಾಟ್ಲೆಂಡಿನ ಎಷ್ಟೋ ಫ್ಲ್ಯಾಟುಗಳಲ್ಲಿ ಇದೊಂದು ಹಕ್ಕು. ಪಕ್ಕದ ಸೆಲ್ಲರ್‌ಡೈಕ್‌ನಲ್ಲಂತೂ ಬಂದರಿನ ಮೇಲೆಯೇ ಹಗ್ಗ ಕಟ್ಟಿ ಬಟ್ಟೆ ಹಾರಾಡಿಸುತ್ತಾರೆ. ಅವಳಿಗೆ ಹಿಡಿಸಿತು. "ದುಂಡಾಗಿ ಬರೆಯೋದು ಬೇಡ, ಕೊನೇಲಿ ಒಂದು ಸೇರಿಸಿ, ಶುಭ" ಎಂದಳು. ಅಲ್ಲಿಯ ರೂಢಿಯೂ ಅದೇ ಎಂದು ಅಳಿಯ ಹೇಳಿದರು. ದುಂಡು ಮೊತ್ತವನ್ನು ಎದುರಿನವನೂ ಬರೆದಿರಬಹುದೆಂದು ಕೊನೆಗೆ ಚಿಲ್ಲರೆ ಸೇರಿಸುತ್ತಾರಂತೆ. 2,41,101 ಎಂದು ಬರೆದೆವು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ನಮ್ಮ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಬೇರೆ ಯಾರೋ ಹೆಚ್ಚು ಬರೆದಿದ್ದರು. ಎಷ್ಟು ಹೆಚ್ಚೆಂದು ಹೇಳಲಿಲ್ಲ. ಜಾಹೀರಾತನ್ನು ಕೊನೆಯ ಸಲ ತೆರೆದೆ. ಹದಿನಾಲ್ಕನೆಯ ಚಿತ್ರಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಪಟ್ಟಿ ಅಂಟಿಸಿ 'ಅಂಡರ್ ಆಫರ್' ಎಂದು ಬರೆದಿದ್ದರು. ಚಿಮಣಿಗೂ ಆಂಟೆನಾಕ್ಕೂ ನಡುವಿನ ಬೆರಳಗಲದ ನೀಲಿ ಆ ಪಟ್ಟಿಯ ಅಡಿಗೆ ಹೋಗಿತ್ತು. ಹೆಂಡತಿ ಫೋನು ಇಸಿದುಕೊಂಡು ಚಿತ್ರ ಸರಿಸುತ್ತ ಸರಿಸುತ್ತ ಕೊನೆಯದಕ್ಕೆ ಬಂದಳು, ಕನ್ನಡಕ ಏರಿಸಿ ನೋಡಿದಳು.

"ಇಷ್ಟುದ್ದ ಹಗ್ಗ ಕಟ್ಟಿದಾರೆ ರೀ, ಒಂದು ಬಟ್ಟೆನೂ ಒಣಹಾಕಿಲ್ಲ."