ಬುಲೆಟಿನ್ ರಾಯರು

ಜಕ್ಕೂರು ಕೆರೆಯ ಏರಿಗೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಹಕ್ಕಿ ನೋಡುವವರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ. ಮೂರನೆಯ ಪಂಗಡದವರನ್ನು ಕಂಡರೆ ಮಾತ್ರ ನಾನು ದಾರಿ ಬದಲಿಸುತ್ತೇನೆ. ಇವರ ಮಗನೋ ಮಗಳೋ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿದ್ದು ಗ್ರೀನ್ ಕಾರ್ಡಿಗೆ ಕಾಯುತ್ತಿರುತ್ತಾರೆ. ಕಾಯುವವರು ಅಲ್ಲಿ ಸುಮ್ಮನಿದ್ದರೂ ಇಲ್ಲಿ ಅಪ್ಪಂದಿರು ಸುಮ್ಮನಿರುವುದಿಲ್ಲ.

ನಮ್ಮ ರಾಯರಂತೂ ಈ ಪಂಗಡಕ್ಕೇ ಹಿರಿಯರು. ಗ್ರೀನ್ ಕಾರ್ಡಿನ ಇಬಿ-2 ಸಾಲಿನಲ್ಲಿ ಮಗನ ಸರದಿಯ ತಾರೀಖು, ಅಂದರೆ ಪ್ರಯಾರಿಟಿ ಡೇಟ್, 2015ರ ಜನವರಿ. ಸ್ವಂತ ಮದುವೆಯ ತಾರೀಖು ಮರೆತಾರು, ಇದನ್ನು ಮರೆಯರು.

ಯಲಹಂಕದಲ್ಲೊಂದು ಮದುವೆ. ಎರಡನೇ ಪಂಕ್ತಿಗೆ ಕರೆದರು. ರಾಯರು ನನ್ನ ಮೊಣಕೈ ಹಿಡಿದರು.

"ನೋಡಿ ಸ್ವಾಮಿ, ಗ್ರೀನ್ ಕಾರ್ಡಿಗೆ ಉದ್ಯೋಗದ ಲೆಕ್ಕದಲ್ಲಿ ಅಮೆರಿಕದವರು ವರ್ಷಕ್ಕೆ ಹಾಕೋದು 1,40,000 ಎಲೆ. ಹೆಂಡತಿ ಮಕ್ಕಳ ಎಲೆಯೂ ಅದರಲ್ಲೇ. ಒಂದು ದೇಶಕ್ಕೆ ನೂರಕ್ಕೆ ಏಳು. ಐಸ್‌ಲ್ಯಾಂಡಿನವರು ನಾಲ್ಕು ಜನ ಬರಲಿ, ನಮ್ಮವರು ನಾಲ್ಕು ಲಕ್ಷ ಬರಲಿ, ಏಳೇ! ಬೇರೆಯವರು ಕೂರದೆ ಬಿಟ್ಟ ಎಲೆ ಉಳಿದರೆ ಆಗ ನಮ್ಮ ಕಡೆ ತಿರುಗಿ ನೋಡ್ತಾರೆ."

"ಅಲ್ಲಿ ಎರಡು ಎಲೆ ಖಾಲಿ ಇದೆ, ಕೂರೋಣ್ವಾ?"

"ತಡೀರಿ, ಇಬಿ-3 ಸಾಲಿನ ಲೆಕ್ಕ ಹೇಳಿಲ್ಲ."

ಅದನ್ನೂ ಹೇಳಿದರು. ಮೂರನೇ ಪಂಕ್ತಿಯಲ್ಲಿ ಕೂತಾಗ ಹೋಳಿಗೆ ಮುಗಿದಿತ್ತು.

2022ರಲ್ಲಿ ಹೀಗೇ ಎಲೆಗಳು ಉಳಿದವು. ಕೋವಿಡ್ ಕಾಲದಲ್ಲಿ ಕುಟುಂಬ ಕೋಟಾದವರಿಗೆ ಹೋಗದೆ ಮಿಕ್ಕ ವೀಸಾಗಳು ಉದ್ಯೋಗದವರ ಪಾಲಿಗೆ ಬಂದು, ಯಾರ ಸರದಿ ಎಲ್ಲಿಗೆ ಬಂತೆಂದು ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್ನಿನ ಸೆಪ್ಟೆಂಬರ್ ಸಂಚಿಕೆಯಲ್ಲಿ ಭಾರತದ ಇಬಿ-2 ತಾರೀಖು 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತು. ಇನ್ನೊಂದೆರಡು ತಿಂಗಳು ಜರುಗಿದರೆ ಸಾಕು! ರಾಯರು ಮುಂಗಡವಾಗಿಯೇ ಮೈಸೂರು ಪಾಕ್ ಹಂಚಿದರು. ಅಕ್ಟೋಬರ್ ಬುಲೆಟಿನ್ ತೆರೆದರೆ ತಾರೀಖು 2012ರ ಏಪ್ರಿಲ್‌ಗೆ ಹಿಂದೆ ಸರಿದಿತ್ತು. ಡಿಸೆಂಬರಿನಲ್ಲಿ 2011ರ ಅಕ್ಟೋಬರ್. "ಆಗ ನನ್ನ ಮಗ ಇನ್ನೂ ಜಕ್ಕೂರಲ್ಲೇ ಇದ್ದ ಸ್ವಾಮಿ!" ಎಂದರು. ಮೈಸೂರು ಪಾಕ್ ತಿಂದ ನಾವೆಲ್ಲ ತಲೆ ತಗ್ಗಿಸಿದೆವು.

ನನ್ನ ಮಕ್ಕಳಿಬ್ಬರೂ ಹೆಬ್ಬಾಳ ದಾಟಿ ಹೋದವರಲ್ಲ. ಆದರೂ ಈಗೀಗ ತಿಂಗಳ ನಡುವೆ ನಾನೂ ಕದ್ದು ಬುಲೆಟಿನ್ ನೋಡುತ್ತೇನೆ.

ರಾಯರ ಮನೆಯ ಮಹಡಿಗೆ ಬಾಡಿಗೆದಾರರಿಲ್ಲ. ಅದು ಮಗನಿಗೆ. ಅವನಿಗೋ ಬರಲು ಭಯ. ಬಂದರೆ ಮತ್ತೆ ವೀಸಾ ಸ್ಟ್ಯಾಂಪಿಂಗ್ ಆಗಬೇಕು, ಅದು ತಡವಾದರೆ ಕೆಲಸಕ್ಕೇ ಸಂಚಕಾರ. "ಕಾರ್ಡ್ ಸಿಕ್ಕಿದರೆ ಅಲ್ಲೇ ನಿಂತುಬಿಡ್ತಾನಲ್ಲ ರಾಯರೇ?" ಎಂದು ಒಮ್ಮೆ ಕೇಳಿಬಿಟ್ಟೆ. "ಸಿಕ್ಕಿದರೆ ತಾನೇ ಧೈರ್ಯವಾಗಿ ಇಲ್ಲಿಗೆ ಬಂದುಹೋಗೋದು?" ಎಂದರು. ಅದಾದಮೇಲೆ ಕೆಲವು ದಿನ ನಾನು ದಾರಿ ಬದಲಿಸಲಿಲ್ಲ.

ಮೊನ್ನೆ ಭಾರಿ ಹುರುಪಿನಲ್ಲಿದ್ದರು. ಮೊಮ್ಮಗಳು ಅಲ್ಲೇ ಹುಟ್ಟಿದವಳು, ಅಲ್ಲಿನ ಪ್ರಜೆ. ಪ್ರಜೆಯಾದವರು 21 ತುಂಬಿದರೆ ಅಪ್ಪ ಅಮ್ಮನಿಗಾಗಿ ಅರ್ಜಿ ಹಾಕಬಹುದು. ಅದಕ್ಕೆ ವರ್ಷದ ಮಿತಿಯಿಲ್ಲ, ದೇಶದ ಕೋಟಾ ಇಲ್ಲ.

"ಪುಟ್ಟಿಗೆ ಈಗ ಒಂಬತ್ತು," ಎಂದರು ಎಪ್ಪತ್ತಾರರ ರಾಯರು. "ಇನ್ನೇನು, ಹನ್ನೆರಡೇ ವರ್ಷ!"