ಹೆಗಲಿಗೊಂದು ಮುಲಾಮು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದ ನನ್ನವಳು ತಟ್ಟನೆ ತಿರುಗಿ, "ರೀ, ಗಂಡಸರಿಗೂ ಬರುತ್ತಂತೆ" ಅಂದಳು.

"ಏನು, ಬುದ್ಧಿನಾ?"

"ಅದು ಹೇಗೂ ಬರಲ್ಲ ಬಿಡಿ. ಮಕ್ಕಳಾಗದ ಹಾಗೆ ಔಷಧಿ. ದಿನಾ ಭುಜಕ್ಕೆ ಹಚ್ಕೊಳ್ಳೋದಂತೆ."

ಸೊಪ್ಪಿನವಳು ಕಂತೆ ಕಟ್ಟೋದು ಬಿಟ್ಟು ನನ್ನ ಭುಜ ನೋಡಿದಳು. ಮೊಮ್ಮಗಳು ಪಿಯುಸಿ ಓದುತ್ತಿರುವ ಈ ವಯಸ್ಸಿನಲ್ಲಿ ಆ ಭುಜಕ್ಕೆ ಅಮೃತಾಂಜನ ಬಿಟ್ಟು ಬೇರೇನೂ ಬೇಕಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಆದರೆ ಸುದ್ದಿ ಸುಳ್ಳಲ್ಲ. ನೆಸ್ಟೊರೋನ್, ಟೆಸ್ಟೋಸ್ಟೆರೋನ್ ಎಂಬ ಎರಡು ಹಾರ್ಮೋನು ಬೆರೆಸಿದ ಜೆಲ್ಲನ್ನು ಅಮೆರಿಕದ ಪಾಪ್ಯುಲೇಷನ್ ಕೌನ್ಸಿಲ್ ಮತ್ತು ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಸೇರಿ 2018ರಲ್ಲಿ ದಂಪತಿಗಳ ಮೇಲೆ ಪರೀಕ್ಷಿಸಲು ಶುರುಮಾಡಿದವು. ಹಾರ್ಮೋನು ಹೊರಗಿಂದ ಬಂದರೆ ಮೆದುಳು ದಾಸ್ತಾನು ಸಾಕಷ್ಟಿದೆ ಅಂತ ನಂಬಿ ಕೆಳಗಿನ ಕಾರ್ಖಾನೆಗೆ ಆರ್ಡರ್ ನಿಲ್ಲಿಸುತ್ತದೆ. ವೀರ್ಯಾಣು ತಯಾರಿ ಬಂದ್. ಗಂಡಸಿನ ಉಮೇದು ಇಳಿಯದಿರಲಿ ಅಂತ ಟೆಸ್ಟೋಸ್ಟೆರೋನ್. ಹಚ್ಚೋದು ಬಿಟ್ಟರೆ ಕೆಲವು ತಿಂಗಳಲ್ಲಿ ಕಾರ್ಖಾನೆ ಮತ್ತೆ ಶುರು.

ಇದೇನು ಬರೀ ಅಮೆರಿಕದ ಸಾಹಸವಲ್ಲ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ವರ್ಷಗಟ್ಟಲೆ ಗಂಡಸರ ಗರ್ಭನಿರೋಧಕದ ಹಿಂದೆ ಬಿದ್ದಿದ್ದರು. ಅವರ ದಾರಿ ಬೇರೆ. ಕುರಿಯಿಂದ ತೆಗೆದ, ವೀರ್ಯಾಣು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನೇ ಲಸಿಕೆ ಮಾಡಿ ಗಂಡು ಮಂಗಗಳಿಗೆ ಚುಚ್ಚಿದರು. ದೇಹ ತನ್ನದೇ ಎಫ್‌ಎಸ್‌ಎಚ್ ಮೇಲೆ ಯುದ್ಧ ಸಾರಿತು, ವೀರ್ಯಾಣು ಕುಸಿಯಿತು, ಟೆಸ್ಟೋಸ್ಟೆರೋನ್ ಮಾತ್ರ ಅಲುಗಲಿಲ್ಲ. ಬನಶಂಕರಿಯ ಟೆರೇಸಿನಲ್ಲಿ ನಮ್ಮ ಹಪ್ಪಳ ಕದಿಯುತ್ತದಲ್ಲ, ಅದೇ ಜಾತಿಯ ಮಂಗ! ಆಮೇಲೆ ಐವರು ಗಂಡಸರ ಮೇಲೂ ಪ್ರಯೋಗ ನಡೆದು 1997ರಲ್ಲಿ ವರದಿ ಬಂತು. ಕುರಿ, ಕೋತಿ, ಗಂಡಸು: ಈ ಸಾಲಿನಲ್ಲಿ ನನ್ನವಳಿಗೆ ಅಸಹಜವೇನೂ ಕಾಣಲಿಲ್ಲ.

ಇನ್ನೊಂದು ಹಾರ್ಮೋನ್ ಇಂಜೆಕ್ಷನ್ನಿನ ಕತೆ ಮಾತ್ರ ನಾನು ಅವಳಿಗೆ ಹೇಳಬಾರದಿತ್ತು. ಎಂಟು ವಾರಕ್ಕೊಂದು ಇಂಜೆಕ್ಷನ್, ಪ್ರಯೋಗಕ್ಕೆ 320 ಗಂಡಸರು ಸೇರಿದ್ದರು. ಮೊಡವೆ, ಖಿನ್ನತೆ, ಮನಸ್ಸಿನ ಏರುಪೇರು ಹೆಚ್ಚಾಯಿತೆಂದು 2011ರಲ್ಲಿ ಪರಿಶೀಲನಾ ಸಮಿತಿಯೊಂದು ನಿಲ್ಲಿಸಲು ಹೇಳಿತು.

"ಅಯ್ಯೋ ಪಾಪ, ಮೊಡವೇನಾ? 1960ರಿಂದ ಮಾತ್ರೆ ನುಂಗ್ತಿರೋ ಹೆಂಗಸರನ್ನ ಯಾವ ಸಮಿತಿ ಕೇಳಿತ್ತು? ಮುಂಗೋಪ ಬರೋಕೆ ನಿಮಗೆ ಇಂಜೆಕ್ಷನ್ ಯಾಕ್ರೀ ಬೇಕು?"

ಗಂಡಸರ ಪರವಾಗಿ ಒಂದು ಮಾತು ಹೇಳಲೇಬೇಕು: ಆ ಪ್ರಯೋಗದಲ್ಲಿದ್ದ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ, ಇಂಥದ್ದು ಸಿಕ್ಕರೆ ಬಳಸುತ್ತೇವೆ ಅಂದಿದ್ದರು. ಇದನ್ನು ಹೇಳಿ ಎದೆಯುಬ್ಬಿಸಿದೆ. ಅವಳು ಫೋನಿನಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ತೆಗೆದು ತೋರಿಸಿದಳು. ಕರ್ನಾಟಕದಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ. 57.4. ಗಂಡಸರು ಶೇ. 0.0. ಬರೀ ಸೊನ್ನೆ ಅಂದರೆ ಸಾಲದೆಂದು ಚುಕ್ಕಿ ಇಟ್ಟು ಇನ್ನೊಂದು ಸೊನ್ನೆ!

ಚೀಲ ತೆಪ್ಪಗೆ ಹೆಗಲಿಗೇರಿಸಿದೆ. ಜೆಲ್ ಕೇಳಿಕೊಂಡು ಮೆಡಿಕಲ್ ಸ್ಟೋರಿಗೆ ಹೋಗಬೇಡಿ ಸ್ವಾಮಿ, ಇನ್ನೂ ಬಂದಿಲ್ಲ.